ಎಲ್ಲವನ್ನೂ ವಿವರಿಸುವ ಸಿದ್ಧಾಂತದಲ್ಲಿ ನೋಡುಗ ನಿಲ್ಲುವುದೆಲ್ಲಿ?

ಪ್ರಶ್ನೆ – ಭೌತಪಾಠ

ಪದವಿಪೂರ್ವ ಕಾಲೇಜೊಂದರಲ್ಲಿ ಹದಿನಾರು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಕಳೆದ ವಾರ ಎರಡನೇ ಪಿಯುಸಿ ತರಗತಿಯಲ್ಲಿ ವಿಕಿರಣ ಮತ್ತು ದ್ರವ್ಯದ ದ್ವೈತ ಸ್ವಭಾವದ ಪಾಠ ಮುಗಿಸಿ ಕಪ್ಪುಹಲಗೆ ಒರೆಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಬಳಿಗೆ ಬಂದು, "ಮಿಸ್, ಆಗಬಹುದಾದದ್ದೆಲ್ಲವೂ ಯಾವುದೋ ಒಂದು ವಿಶ್ವದಲ್ಲಿ ಆಗಿಯೇ ಆಗುತ್ತದೆ ಎನ್ನುವುದಾದರೆ ನಾವು ಪ್ರಯೋಗ ಮಾಡಿ ಕಂಡುಕೊಂಡದ್ದಾದರೂ ಏನು? ನಾವು ಯಾವ ವಿಶ್ವದಲ್ಲಿದ್ದೇವೆ ಎನ್ನುವುದನ್ನು ಮಾತ್ರ ಅಲ್ಲವೇ?" ಎಂದು ಕೇಳಿದಳು. ಯೋಚಿಸಿ ಹೇಳುತ್ತೇನೆ ಎಂದು ಕಳುಹಿಸಿದೆ. ಆರು ದಿನ ಕಳೆದರೂ ಹೇಳಲು ಸಾಧ್ಯವಾಗಿಲ್ಲ.

ನನ್ನ ತೊಡಕು ಇಷ್ಟು. ಕ್ವಾಂಟಂ ಸಿದ್ಧಾಂತದ ಬಗ್ಗೆ ಸಾಮಾನ್ಯ ಓದುಗರಿಗಾಗಿ ಬರೆದ ಲೇಖನಗಳಲ್ಲಿ 'ನೋಡಿದೊಡನೆ ಕಣದ ಸ್ಥಿತಿ ನಿಶ್ಚಿತವಾಗುತ್ತದೆ' ಎಂದಿರುತ್ತದೆ. ಅಲ್ಲಿ ನೋಡುಗನಿಗೆ ಜಗತ್ತಿನ ಗತಿಯನ್ನೇ ನಿರ್ಧರಿಸುವ ಪಟ್ಟ ಸಿಕ್ಕಂತಿದೆ. ಬಹುವಿಶ್ವದ ಮಾತಿಗೆ ಬಂದರೆ ಅದೇ ನೋಡುಗ ಅಸಂಖ್ಯ ವಿಶ್ವಗಳ ಯಾವುದೋ ಮೂಲೆಯಲ್ಲಿ ಆಕಸ್ಮಿಕವಾಗಿ ಹುಟ್ಟಿಕೊಂಡ ಪ್ರಾಣಿ. ಆದರೆ ಮರುವಾಕ್ಯದಲ್ಲೇ 'ನಾವು ಇರುವುದರಿಂದಲೇ ನಮ್ಮ ವಿಶ್ವದ ನಿಯತಾಂಕಗಳು ಹೀಗಿವೆ' ಎಂಬ ವಾದ ಬರುತ್ತದೆ. ಇನ್ನು ಎಲ್ಲ ಬಲಗಳನ್ನೂ ಒಂದೇ ಚೌಕಟ್ಟಿಗೆ ತರಲು ಹೊರಟ ಸಿದ್ಧಾಂತಗಳ ಸಮೀಕರಣಗಳಲ್ಲಿ ನೋಡುಗನ ಸುಳಿವೇ ನನಗೆ ಕಾಣುವುದಿಲ್ಲ. ಈ ಮೂರೂ ಕಡೆ ಒಬ್ಬನೇ ನೋಡುಗನ ಮಾತು ನಡೆಯುತ್ತಿದೆಯೇ? ನಮ್ಮ ಇರವನ್ನೇ ವಿವರಣೆಯಾಗಿ ಬಳಸುವುದು, ಕೊಟ್ಟ ಉತ್ತರವನ್ನೇ ಮತ್ತೆ ಪ್ರಶ್ನೆಯಾಗಿ ತಿರುಗಿಸಿ ಕೇಳಿದಂತಾಗುವುದಿಲ್ಲವೇ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು. ಹುಡುಗಿಗೆ ತೇಲಿಕೆಯ ಉತ್ತರ ಕೊಡಲು ನನಗೆ ಮನಸ್ಸಿಲ್ಲ.


ಉತ್ತರ – ತೆಳುಗೆರೆ

ಮೇಡಂ, ನಿಮ್ಮ ಸಂದೇಹ ಸರಿಯಾದ ಜಾಗದಲ್ಲೇ ಇದೆ. ಮೂರೂ ಕಡೆ ಬಳಕೆಯಾಗುತ್ತಿರುವುದು ಒಂದೇ ಪದ, ಆದರೆ ಕೆಲಸಗಳು ಬೇರೆ ಬೇರೆ. ನಾನು ದೃಗ್ವಿಜ್ಞಾನದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನಾದ್ದರಿಂದ ಮೊದಲನೆಯದರ ಬಗ್ಗೆ ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಕ್ವಾಂಟಂ ಅಳತೆಯಲ್ಲಿ ನೋಡುಗನಿಗೆ ಮನಸ್ಸು ಇರಬೇಕೆಂಬ ನಿಯಮವಿಲ್ಲ. 1961ರಲ್ಲಿ ಭೌತವಿಜ್ಞಾನಿ ಯೂಜೀನ್ ವಿಗ್ನರ್ ಅವರು, ಅಳತೆ ಪೂರ್ಣವಾಗುವುದು ಪ್ರಜ್ಞೆಯ ಬಾಗಿಲಲ್ಲಿ ಎಂಬರ್ಥದ ವಾದವನ್ನು ಗಂಭೀರವಾಗಿ ಮಂಡಿಸಿದ್ದು ನಿಜ; ನಂತರದ ವರ್ಷಗಳಲ್ಲಿ ಅವರೇ ಆ ನಿಲುವಿನಿಂದ ಹಿಂದೆ ಸರಿದರು ಎಂಬುದನ್ನು ಮಾತ್ರ ಲೇಖನಗಳು ಹೇಳುವುದಿಲ್ಲ. ತರಗತಿಯಲ್ಲಿ ಹೇಳಲು ನನಗೆ ಬಹಳ ಇಷ್ಟವಾದ ಪ್ರಯೋಗವೊಂದಿದೆ. 70 ಇಂಗಾಲದ ಪರಮಾಣುಗಳು ಕೂಡಿ ಆಗುವ ಫುಲರೀನ್ ಅಣುವೂ ಸೂಕ್ಷ್ಮ ಜಾಲರಿಗಳ ಮೂಲಕ ಹಾಯುವಾಗ ಬೆಳಕಿನಂತೆ ವ್ಯತಿಕರಣ ಪಟ್ಟೆಗಳನ್ನು, ಅಂದರೆ ಅಲೆಗಳು ಒಂದರ ಮೇಲೊಂದು ಬಿದ್ದಾಗ ಕಾಣುವ ತೆಳು–ದಟ್ಟ ಪಟ್ಟೆಗಳನ್ನು, ಮೂಡಿಸುತ್ತದೆ. 2004ರಲ್ಲಿ ವಿಯೆನ್ನಾದ ತಂಡವೊಂದು ಈ ಅಣುಗಳನ್ನು ಲೇಸರಿನಿಂದ ಕಾಯಿಸಿ ಹಾಯಿಸಿತು. ಕಾದ ಅಣು ತಾನಾಗಿಯೇ ಬೆಳಕು ಸೂಸುತ್ತದೆ, ಮತ್ತು ಹಾಗೆ ಹೊರಟ ಬೆಳಕು ಅಣು ಆ ಕ್ಷಣದಲ್ಲಿ ಎಲ್ಲಿತ್ತು ಎಂಬ ಸುಳಿವನ್ನು ಹೊತ್ತುಕೊಂಡು ಹೋಗುತ್ತದೆ. ಬಿಸಿ ಏರಿದಂತೆ ಪಟ್ಟೆಗಳು ಮಸುಕಾದವು, ಕೊನೆಗೆ ಅಳಿಸಿಹೋದವು. ಆ ಬೆಳಕು ನಿರ್ವಾತ ಕೋಣೆಯ ಗೋಡೆಗೆ ಬಡಿಯಿತೇ ಹೊರತು ಅದನ್ನು ಯಾರೂ ನೋಡಲಿಲ್ಲ, ಯಾವ ಉಪಕರಣವೂ ಬರೆದಿಟ್ಟುಕೊಳ್ಳಲಿಲ್ಲ. ದಾರಿಯ ಸುಳಿವು ಹೊರಜಗತ್ತಿಗೆ ಸೋರಿಹೋದದ್ದೇ ಸಾಕಾಯಿತು. ಕ್ವಾಂಟಂ ಅರ್ಥದಲ್ಲಿ 'ನೋಡುವುದು' ಎಂದರೆ ಇಷ್ಟೇ: ಒಂದು ವಸ್ತುವಿನ ಸ್ಥಿತಿ ಇನ್ನೊಂದು ವಸ್ತುವಿನಲ್ಲಿ ಗುರುತಾಗಿ ಉಳಿಯುವುದು. ಗಾಳಿಯಲ್ಲಿ ತೇಲುವ ಧೂಳಿನ ಕಣವನ್ನು ಸುತ್ತಲಿನ ಅಣುಗಳು ಬಡಿಯುತ್ತಲೇ ಇರುವುದರಿಂದ ಅದು ಎರಡು ಕಡೆ ಇರುವ ಅಧ್ಯಾರೋಪಣ ಸ್ಥಿತಿ ಸೆಕೆಂಡಿನ ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತೂ ಉಳಿಯುವುದಿಲ್ಲ.

ಇದನ್ನು ಒಪ್ಪಿಕೊಂಡರೆ, ಆಗಬಹುದಾದ ಎಲ್ಲ ಫಲಿತಾಂಶಗಳೂ ಆಗುತ್ತವೆ ಎಂಬ ಚಿತ್ರವನ್ನು ಕೊಟ್ಟ ಹ್ಯೂ ಎವರೆಟ್ ಏನು ಮಾಡಿದರೆಂಬುದು ತಿಳಿಯುತ್ತದೆ. 1957ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ, ಜಾನ್ ವ್ಹೀಲರ್ ಅವರ ಮಾರ್ಗದರ್ಶನದಲ್ಲಿ ಬರೆದ ಪ್ರಬಂಧದಲ್ಲಿ ಅವರು ನೋಡುಗನನ್ನು ಸಮೀಕರಣದ ಹೊರಗೆ ನಿಲ್ಲಿಸುವ ಪದ್ಧತಿಯನ್ನು ಕೈಬಿಟ್ಟರು. ನೋಡುಗನೆಂದರೆ ಅವರ ಪಾಲಿಗೆ ನೆನಪು ದಾಖಲಿಸಿಕೊಳ್ಳುವ ಯಂತ್ರ. ಅದೂ ಪರಮಾಣುಗಳಿಂದಲೇ ಆದದ್ದು, ಆದ್ದರಿಂದ ಅದಕ್ಕೂ ಅದೇ ಸಮೀಕರಣ. 1922ರ ಸ್ಟರ್ನ್–ಗೆರ್ಲಾಕ್ ಪ್ರಯೋಗದಲ್ಲಿ ಬೆಳ್ಳಿಯ ಪರಮಾಣುಗಳ ಧಾರೆ ಕಾಂತಕ್ಷೇತ್ರವನ್ನು ದಾಟಿ ಎರಡಾಗಿ ಸೀಳಿತಲ್ಲ, ಅಲ್ಲಿಗೆ ನೋಡುಗನನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಂದು ಪರಮಾಣುವಿನ ಪಾಲಿಗೆ ಉಳಿಯುವುದು ಎರಡು ಜೋಡಿಗಳ ಮೊತ್ತ: ಮೇಲಿನ ಗುರುತು ಮತ್ತು ಮೇಲಿನ ಗುರುತನ್ನು ಕಂಡ ನೆನಪು, ಕೆಳಗಿನ ಗುರುತು ಮತ್ತು ಕೆಳಗಿನ ಗುರುತನ್ನು ಕಂಡ ನೆನಪು. ಇಂಥ ಒಂದೊಂದು ಜೋಡಿಯನ್ನೂ ಕವಲು ಎನ್ನುತ್ತಾರೆ. ಎರಡು ಗುರುತುಗಳನ್ನೂ ಕಂಡ ನೆನಪು ಯಾವ ಜೋಡಿಯಲ್ಲೂ ಇಲ್ಲ. ಪ್ರತಿಯೊಂದು ನೆನಪಿನ ಒಳಗಿನಿಂದ ನೋಡಿದರೆ ಫಲಿತಾಂಶ ಒಂದೇ ಆಗಿ ಕಾಣುತ್ತದೆ. ಎವರೆಟ್ 1959ರಲ್ಲಿ ಕೋಪನ್‌ಹೇಗನ್ನಿಗೆ ಹೋಗಿ ನೀಲ್ಸ್ ಬೋರ್ ಅವರನ್ನು ಕಂಡರು. ಅಲ್ಲಿ ಅವರ ಮಾತಿಗೆ ಮನ್ನಣೆ ದೊರೆಯಲಿಲ್ಲ. ಅಷ್ಟರಲ್ಲಾಗಲೇ ಅವರು ವಿಶ್ವವಿದ್ಯಾಲಯವನ್ನು ಬಿಟ್ಟು ಅಮೆರಿಕದ ರಕ್ಷಣಾ ಇಲಾಖೆಯ ಕೆಲಸ ಹಿಡಿದಿದ್ದರು.

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಇಲ್ಲಿ ನೇರವಾಗಿ ನಾಟುತ್ತದೆ. ಎರಡೂ ಆಗುತ್ತವೆ ಎಂದಾದ ಮೇಲೆ ಸಂಭವನೀಯತೆ ಎಂಬ ಮಾತಿಗೆ ಅರ್ಥವೇನು? ಕ್ವಾಂಟಂ ಸಿದ್ಧಾಂತ ಒಂದು ಫಲಿತಾಂಶಕ್ಕೆ ಶೇ. 90, ಇನ್ನೊಂದಕ್ಕೆ ಶೇ. 10 ಎಂದು ಹೇಳುವಲ್ಲಿಯೂ ಕವಲುಗಳು ಎರಡೇ. ಕವಲುಗಳನ್ನು ಸುಮ್ಮನೆ ಎಣಿಸಿದರೆ ಅರ್ಧಕ್ಕರ್ಧ ಬರಬೇಕಿತ್ತು, ಪ್ರಯೋಗದಲ್ಲಿ ಹಾಗೆ ಬರುವುದಿಲ್ಲ. ಮ್ಯಾಕ್ಸ್ ಬಾರ್ನ್ ಅವರ ನಿಯಮದಂತೆ ಪಾರದ ವರ್ಗವೇ, ಅಂದರೆ ಅಲೆಯ ಎತ್ತರದ ವರ್ಗವೇ ಸಂಭವನೀಯತೆ. ಅದು ಕವಲುಗಳ ಚಿತ್ರದಿಂದ ತಾನಾಗಿ ಹೊರಡುತ್ತದೆಯೇ ಎಂಬುದೇ ಇಡೀ ವಿವಾದದ ತಿರುಳು. 1999ರಲ್ಲಿ ಡೇವಿಡ್ ಡಾಯ್ಚ್ ಅವರು, ವಿವೇಕದಿಂದ ಪಣ ಕಟ್ಟುವ ನೋಡುಗ ಯಾವ ತೂಕವನ್ನು ಬಳಸಲೇಬೇಕು ಎಂಬ ದಾರಿಯಿಂದ ಇದನ್ನು ಸಾಧಿಸಲು ಹೊರಟರು. ಹಲವರಿಗೆ ಅದು ಒಪ್ಪಿತ. ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ, ಏಕೆಂದರೆ 'ವಿವೇಕ'ದ ಹೆಸರಿನಲ್ಲಿ ಸೇರಿಸಿದ ಷರತ್ತುಗಳಲ್ಲೇ ಉತ್ತರದ ಪಾಲು ಅಡಗಿದೆ ಎಂದು ನನ್ನ ಭಾವನೆ.

ಆದರೆ ನಿಯಮ ಸರಿಯೇ ಎಂಬುದನ್ನು ಪ್ರಯೋಗದಿಂದ ಪರೀಕ್ಷಿಸಬಹುದು, ಅದು ನಿಮ್ಮ ತರಗತಿಗೂ ನಿಲುಕುವಂಥದ್ದು. ಹಲಗೆಯ ಮೇಲೆ (a+b+c)² ಬಿಡಿಸಿ ತೋರಿಸಿ: a², b², c² ಬರುತ್ತವೆ, 2ab, 2bc, 2ca ಬರುತ್ತವೆ, ಮೂರೂ ಕೂಡಿದ abc ಪದ ಬರುವುದೇ ಇಲ್ಲ. ಸಂಭವನೀಯತೆ ನಿಜವಾಗಿ ವರ್ಗವೇ ಆಗಿದ್ದರೆ ಮೂರು ಸೀಳುಗಳ ವ್ಯತಿಕರಣ ಚಿತ್ರವನ್ನು ಎರಡೆರಡು ಮತ್ತು ಒಂದೊಂದು ಸೀಳುಗಳ ಚಿತ್ರಗಳಿಂದಲೇ ಕಟ್ಟಬಹುದು. ಮೂರಕ್ಕೇ ಸೇರಿದ ಹೊಸದೇನೂ ಇರಬಾರದು. 2010ರಲ್ಲಿ ಉರ್ಬಸಿ ಸಿನ್ಹಾ ಮತ್ತು ಸಂಗಡಿಗರು ಕೆನಡಾದ ವಾಟರ್‌ಲೂನಲ್ಲಿ ಇದನ್ನು ಅಳೆದು, ಹಾಗೊಂದು ಪದವಿದ್ದರೂ ಅದು ಎರಡು ಸೀಳುಗಳ ವ್ಯತಿಕರಣದ ಶೇ. 1ಕ್ಕಿಂತ ಕಡಿಮೆ ಎಂದು ತೋರಿಸಿದರು. ಆಮೇಲೆ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ಇಂಥ ಪ್ರಯೋಗಗಳನ್ನು ಮುಂದುವರಿಸಿದರು. ಪ್ರಯೋಗ ಮಾಡಿ ಕಂಡುಕೊಂಡದ್ದೇನು ಎಂಬ ಪ್ರಶ್ನೆಗೆ ಇದೊಂದು ಉತ್ತರ. ನಾವು ಯಾವ ಕವಲಿನಲ್ಲಿದ್ದೇವೆ ಎಂಬುದರ ಜೊತೆಗೆ, ಕವಲುಗಳಿಗೆ ತೂಕ ಹಂಚುವ ನಿಯಮ ಯಾವುದು ಎಂಬುದೂ ಅಳತೆಗೆ ಸಿಗುತ್ತದೆ.


ಉತ್ತರ – ಸರಾಸರಿ

ತೆಳುಗೆರೆ ಅವರು ಬಿಟ್ಟ ಎರಡನೆಯ ನೋಡುಗನನ್ನು ನಾನು ಎತ್ತಿಕೊಳ್ಳುತ್ತೇನೆ. ನಾನು ಸಂಖ್ಯಾಶಾಸ್ತ್ರ ಕಲಿಸುವವಳು. ಬಹುವಿಶ್ವದ ವಾದಗಳಲ್ಲಿ ನೋಡುಗ ಯಾವುದನ್ನೂ ಉಂಟುಮಾಡುವುದಿಲ್ಲ. ಅವನು ಮಾದರಿ ಆಯ್ಕೆಯ ಷರತ್ತು, ಅಷ್ಟೇ.

ಒಂದು ಶಾಲೆಯಲ್ಲಿ ಎರಡೇ ತರಗತಿಗಳಿವೆ ಎಂದುಕೊಳ್ಳಿ. ಒಂದರಲ್ಲಿ 10 ಮಕ್ಕಳು, ಇನ್ನೊಂದರಲ್ಲಿ 90. ಮುಖ್ಯೋಪಾಧ್ಯಾಯರನ್ನು ಕೇಳಿದರೆ ತರಗತಿಯ ಸರಾಸರಿ ಗಾತ್ರ 50. ಮಕ್ಕಳನ್ನು ಒಬ್ಬೊಬ್ಬರಾಗಿ 'ನಿನ್ನ ತರಗತಿಯಲ್ಲಿ ಎಷ್ಟು ಜನ?' ಎಂದು ಕೇಳಿ ಸರಾಸರಿ ತೆಗೆದರೆ 82. ಶಾಲೆ ಅದೇ, ಯಾರೂ ಸುಳ್ಳು ಹೇಳಿಲ್ಲ. ಉತ್ತರ ಯಾವ ಜಾಗದಿಂದ ಬಂತು ಎಂಬುದಷ್ಟೇ ಬೇರೆ. ಮಕ್ಕಳು ಹೆಚ್ಚಿರುವಲ್ಲಿಂದ ಉತ್ತರಗಳೂ ಹೆಚ್ಚು ಬರುತ್ತವೆ. ವಿಶ್ವದ ಬಗ್ಗೆ ನಮ್ಮ ಕೈಯಲ್ಲಿರುವ ಎಲ್ಲ ಮಾಹಿತಿಯೂ ಮಕ್ಕಳ ಉತ್ತರದ ಜಾತಿಗೆ ಸೇರಿದ್ದು. ನೋಡುವವರು ಇರಲು ಸಾಧ್ಯವಾದ ಜಾಗದಿಂದ ಮಾತ್ರ ಅದು ಬಂದಿದೆ.

1973ರಲ್ಲಿ ಕೊಪರ್ನಿಕಸ್ ಅವರ 500ನೆಯ ಜನ್ಮವರ್ಷದ ಅಂಗವಾಗಿ ಪೋಲೆಂಡಿನ ಕ್ರಾಕೋವ್‌ನಲ್ಲಿ ನಡೆದ ಗೋಷ್ಠಿಯಲ್ಲಿ ಭೌತವಿಜ್ಞಾನಿ ಬ್ರಾಂಡನ್ ಕಾರ್ಟರ್ ಹೇಳಿದ್ದು ಇದನ್ನೇ: ನಾವು ವಿಶ್ವದ ಕೇಂದ್ರದಲ್ಲಿಲ್ಲ ಎಂಬುದು ನಿಜವಾದರೂ, ನಾವಿರುವ ಜಾಗ ಮತ್ತು ಕಾಲ ನೋಡುಗರ ಇರವಿಗೆ ಹೊಂದುವಂಥದ್ದೇ ಆಗಿರಬೇಕು. ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ ವಯಸ್ಸಾಗಿದೆ. ಅದು ಹತ್ತು ಲಕ್ಷ ವರ್ಷವಾಗಿದ್ದಾಗ ನಾವೇಕೆ ಹುಟ್ಟಲಿಲ್ಲ ಎಂದರೆ, ನಮ್ಮ ಮೈಯ ಇಂಗಾಲವನ್ನು ಬೇಯಿಸಿ ಹೊರಚೆಲ್ಲುವ ನಕ್ಷತ್ರಗಳೇ ಆಗ ಇರಲಿಲ್ಲ. ಇದರಲ್ಲಿ ಚಕ್ರವೇನೂ ಇಲ್ಲ ಮೇಡಂ. ನಮ್ಮ ಇರವು ಅದನ್ನು ಉಂಟುಮಾಡಿತು ಎಂದು ಯಾರಾದರೂ ಹೇಳಿದರೆ ಮಾತ್ರ ಚಕ್ರವಾಗುತ್ತದೆ.

ಒಂದು ತಪ್ಪು ಕಥೆಯನ್ನು ಇಲ್ಲೇ ತಿದ್ದಬೇಕು. 1953ರಲ್ಲಿ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರು ಇಂಗಾಲದ ಪರಮಾಣು ಬೀಜಕ್ಕೆ ಸುಮಾರು 7.65 ದಶಲಕ್ಷ ಎಲೆಕ್ಟ್ರಾನ್‌ವೋಲ್ಟ್ ಎತ್ತರದಲ್ಲಿ ಒಂದು ಶಕ್ತಿಮಟ್ಟ ಇರಲೇಬೇಕೆಂದು ಮೊದಲೇ ಹೇಳಿದ್ದು, ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಪ್ರಯೋಗಕಾರರು ಅದನ್ನು ಕಂಡುಹಿಡಿದದ್ದು, ಎರಡೂ ನಿಜ. ಆದರೆ ಅದನ್ನು 'ಜೀವ ಇರುವುದರಿಂದ ಮಾಡಿದ ಭವಿಷ್ಯ' ಎಂದು ಹೊಗಳುವುದು ಸರಿಯಲ್ಲ. ಹಾಯ್ಲ್ ವಾದಿಸಿದ್ದು ನಕ್ಷತ್ರಗಳು ಇಷ್ಟೊಂದು ಇಂಗಾಲವನ್ನು ತಯಾರಿಸಬೇಕಾದರೆ ಏನು ಬೇಕು ಎಂಬುದರಿಂದ. ಇಂಗಾಲ ನಿರ್ಜೀವ ಮಸಿಯಾಗಿಯೇ ಉಳಿದಿದ್ದರೂ ಆ ವಾದ ಹಾಗೇ ನಿಲ್ಲುತ್ತಿತ್ತು.

ನಿಜವಾಗಿ ಈ ದಾರಿಯಲ್ಲಿ ಬಂದ ಮುನ್ಸೂಚನೆ ಭೌತವಿಜ್ಞಾನಿ ಸ್ಟೀವನ್ ವೈನ್‌ಬರ್ಗ್ ಅವರದು. ವಿಶ್ವದ ಹಿಗ್ಗುವಿಕೆಯನ್ನು ವೇಗಗೊಳಿಸುವ ಖಾಲಿ ಜಾಗದ ಶಕ್ತಿಯನ್ನು ನೇರವಾಗಿ ಅಂದಾಜು ಮಾಡಿದರೆ ಬರುವ ಸಂಖ್ಯೆ, ಇರಬಹುದಾದದ್ದಕ್ಕಿಂತ 1ರ ಮುಂದೆ 120 ಸೊನ್ನೆ ಬರೆದಷ್ಟು ಪಟ್ಟು ದೊಡ್ಡದು. 1987ರಲ್ಲಿ ವೈನ್‌ಬರ್ಗ್ ಹೀಗೆ ಕೇಳಿದರು: ಈ ಶಕ್ತಿ ವಿಶ್ವದಿಂದ ವಿಶ್ವಕ್ಕೆ ಬೇರೆ ಬೇರೆಯಾಗಿದ್ದರೆ, ಯಾವ ಮಿತಿ ದಾಟಿದ ಮೇಲೆ ದ್ರವ್ಯ ಒಟ್ಟುಗೂಡಿ ಗ್ಯಾಲಕ್ಸಿಯಾಗುವ ಮೊದಲೇ ಚದುರಿಹೋಗುತ್ತದೆ? ಅವರಿಗೆ ಸಿಕ್ಕ ಮಿತಿ ಇಂದಿನ ದ್ರವ್ಯ ಸಾಂದ್ರತೆಯ ಕೆಲವು ನೂರು ಪಟ್ಟು. ಆ ಮಿತಿಯೊಳಗೆ ಅದು ಸೊನ್ನೆಯೇ ಆಗಿರಬೇಕಾದ ಕಾರಣವಿಲ್ಲವಾದ್ದರಿಂದ, ಅಳತೆಗೆ ಸಿಗುವಷ್ಟಾದರೂ ಇರಬೇಕು ಎಂಬುದು ಅದರ ಫಲ. 1998ರಲ್ಲಿ ಎರಡು ತಂಡಗಳು ದೂರದ ಸೂಪರ್‌ನೋವಾಗಳ ಬೆಳಕನ್ನು ಅಳೆದು ವಿಶ್ವದ ಹಿಗ್ಗುವಿಕೆ ವೇಗಗೊಳ್ಳುತ್ತಿದೆ ಎಂದು ಕಂಡುಕೊಂಡವು. ಆ ಶಕ್ತಿ ದ್ರವ್ಯ ಸಾಂದ್ರತೆಯ ಎರಡು ಪಟ್ಟಿಗಿಂತ ತುಸು ಹೆಚ್ಚು ಎಂದು ಗೊತ್ತಾಯಿತು. 2011ರ ನೊಬೆಲ್ ಬಂದದ್ದು ಆ ಶೋಧಕ್ಕೆ.

ಇಷ್ಟು ಹೇಳಿದ ಮೇಲೆ ನನ್ನ ವೃತ್ತಿಯ ಆಕ್ಷೇಪವನ್ನೂ ಹೇಳಲೇಬೇಕು. ಸರಾಸರಿ ತೆಗೆಯಲು ಎಣಿಕೆ ಬೇಕು, ಎಣಿಕೆಗೆ ಕ್ರಮ ಬೇಕು. ವಿಶ್ವಗಳು ಕೊನೆಯಿಲ್ಲದೆ ಹುಟ್ಟುತ್ತಲೇ ಇರುವ ಚಿತ್ರದಲ್ಲಿ ಎಲ್ಲ ಬಗೆಯ ನೋಡುಗರೂ ಅನಂತವಾಗಿದ್ದಾರೆ. ಸ್ವಾಭಾವಿಕ ಸಂಖ್ಯೆಗಳಲ್ಲಿ ಅರ್ಧ ಬೆಸ ಎಂದು ಹೇಳುತ್ತೇವೆ; ಅದೇ ಸಂಖ್ಯೆಗಳನ್ನು 1, 3, 2, 5, 7, 4, 9, 11, 6 ಎಂದು ಜೋಡಿಸಿಕೊಂಡು ಎಣಿಸುತ್ತ ಹೋದರೆ ಮೂರರಲ್ಲಿ ಎರಡು ಬೆಸ. ಒಂದು ಸಂಖ್ಯೆಯನ್ನೂ ಬಿಟ್ಟಿಲ್ಲ, ಸೇರಿಸಿಲ್ಲ. ಬಹುವಿಶ್ವದಲ್ಲಿ ಯಾವ ಕ್ರಮದಲ್ಲಿ ಎಣಿಸಬೇಕು ಎಂಬುದನ್ನು ಸಿದ್ಧಾಂತ ತಾನಾಗಿ ಹೇಳುತ್ತಿಲ್ಲ, ಮತ್ತು ಕೆಲವು ಕ್ರಮಗಳಲ್ಲಿ ಎಣಿಸಿದರೆ ಭಯಂಕರ ಉತ್ತರ ಬರುತ್ತದೆ: ಹೆಚ್ಚಿನ ನೋಡುಗರು ನಕ್ಷತ್ರ, ಗ್ರಹ, ಜೀವವಿಕಾಸಗಳ ದಾರಿಯಲ್ಲಿ ಬಂದವರಲ್ಲ, ಶೂನ್ಯದಲ್ಲಿ ಕಣಗಳ ಆಕಸ್ಮಿಕ ಕೂಟದಿಂದ ಕ್ಷಣಕಾಲ ಮೂಡಿ ಅಳಿಯುವ ಮಿದುಳುಗಳು, ಸುಳ್ಳು ನೆನಪುಗಳ ಸಮೇತ. ಬೋಲ್ಟ್ಸ್‌ಮನ್ ಮಿದುಳು ಎಂದು ಕರೆಯುವುದು ಇದನ್ನೇ. ಇಂಥ ಉತ್ತರ ಕೊಡುವ ಸಿದ್ಧಾಂತವನ್ನು ನಾನು ನಂಬಲಾರೆ, ವಿಚಿತ್ರವೆಂಬ ಕಾರಣಕ್ಕಲ್ಲ. ಅದನ್ನು ನಂಬಲು ನನಗಿರುವ ಆಧಾರವೇ ಪ್ರಯೋಗಗಳನ್ನು ಮಾಡಿದ ನೆನಪು. ಆ ನೆನಪು ಸುಳ್ಳೆಂದು ಸಿದ್ಧಾಂತವೇ ಹೇಳಿದರೆ ಅದು ತಾನು ಕೂತ ಕೊಂಬೆಯನ್ನು ತಾನೇ ಕಡಿದುಕೊಂಡಂತೆ.


ಉತ್ತರ – ಹಳೆವಿದ್ಯಾರ್ಥಿ

ವಿಷಯ ಗಂಭೀರವಾಗಿ ನಡೆಯುತ್ತಿದೆ, ಓದಿ ಸಂತೋಷವಾಯಿತು. ಒಂದು ಸಂದೇಹವಿದೆ. ನಮ್ಮ ದರ್ಶನಗಳಲ್ಲಿ ದೃಕ್ಕು–ದೃಶ್ಯಗಳ ವಿವೇಕ, ಎಲ್ಲಕ್ಕೂ ಸಾಕ್ಷಿಯಾಗಿರುವ ಚೈತನ್ಯದ ಮಾತು ಬಹು ಹಿಂದಿನಿಂದ ಇದೆ. ಈ ವಿಜ್ಞಾನಿಗಳು ಹೇಳುವ ನೋಡುಗ ಆ ಸಾಕ್ಷಿಯೇ ಆಗಿರಬಹುದಲ್ಲವೇ?


ಉತ್ತರ – ತೆಳುಗೆರೆ

ಸರ್, ಆಗಲಾರದು ಎಂದೇ ನನ್ನ ತಿಳಿವಳಿಕೆ, ಮತ್ತು ಇದನ್ನು ದರ್ಶನಗಳ ಮೇಲಿನ ಗೌರವದಿಂದಲೇ ಹೇಳುತ್ತಿದ್ದೇನೆ. ಅದ್ವೈತದ ಸಾಕ್ಷಿ ಯಾವ ಕಾಲಕ್ಕೂ ದೃಶ್ಯವಾಗುವುದಿಲ್ಲ, ಬದಲಾವಣೆಗೆ ಒಳಗಾಗುವುದಿಲ್ಲ; ಅದೇ ಅದರ ಲಕ್ಷಣ. ಎವರೆಟ್ ಅವರ ನೋಡುಗನಾದರೋ ನೋಡಿದೊಡನೆ ಬದಲಾಗಲೇಬೇಕು, ಏಕೆಂದರೆ ಅವನಲ್ಲಿ ಗುರುತು ಮೂಡುವುದೇ ನೋಡುವುದು. ಮತ್ತು ಅವನನ್ನು ಇನ್ನೊಬ್ಬರು ಅಳೆಯಬಹುದು. ಒಂದು ಕಡೆಯ ಮುಖ್ಯ ಲಕ್ಷಣ ಇನ್ನೊಂದು ಕಡೆ ನಿಷಿದ್ಧವಾಗಿದೆ. ಎರಡನ್ನೂ ಒಂದೆಂದರೆ ಎರಡಕ್ಕೂ ಅನ್ಯಾಯವಾಗುತ್ತದೆ.


ಉತ್ತರ – ಬಾಂದುಕಲ್ಲು

ಮೂರನೆಯ ನೋಡುಗನ ಬಗ್ಗೆ ಇನ್ನೂ ಯಾರೂ ಬರೆದಿಲ್ಲವಾದ್ದರಿಂದ ನಾನು ಪ್ರಯತ್ನಿಸುತ್ತೇನೆ. ಎಂ.ಎಸ್ಸಿ.ಯಲ್ಲಿ ಓದಿದ್ದು ಭೌತಶಾಸ್ತ್ರ, ಹೊಟ್ಟೆಪಾಡಿಗೆ ಹಿಡಿದದ್ದು ಭೂಮಾಪನ. ಓದುವ ಹವ್ಯಾಸ ಮಾತ್ರ ಹಳೆಯದೇ ಉಳಿದಿದೆ.

ಗ್ರಾಮ ನಕ್ಷೆಯಲ್ಲಿ ಊರಿನ ಎಲ್ಲ ಸರ್ವೆ ನಂಬರುಗಳೂ ಇರುತ್ತವೆ, ಒಂದಂಗುಲ ನೆಲವೂ ಬಿಟ್ಟುಹೋಗಿರುವುದಿಲ್ಲ. ಆದರೂ ಹದ್ದುಬಸ್ತಿಗೆಂದು ಹೊಲದ ನಡುವೆ ನಿಂತಾಗ ಆ ನಕ್ಷೆಯೊಂದರಿಂದಲೇ ಒಂದು ಗೆರೆಯನ್ನೂ ನೆಲಕ್ಕೆ ಇಳಿಸಲಾಗುವುದಿಲ್ಲ. ಹೋದ ತಿಂಗಳು ಹೀಗೇ ಒಂದು ಕಡೆ ಮಧ್ಯಾಹ್ನದವರೆಗೆ ಅಲೆದು, ಲಂಟಾನದ ಪೊದೆ ಸವರಿ, ಹಾರೆಯಿಂದ ಮೊಣಕಾಲುದ್ದ ಮಣ್ಣು ಕೆದರಿದ ಮೇಲೆ, ನೆತ್ತಿಯಲ್ಲಿ ಗೀಟು ಕೊರೆದ ಹಳೆಯ ಬಾಂದು ಕಲ್ಲು ಕೈಗೆ ತಾಕಿತು. ಅಲ್ಲಿಂದ ಮುಂದೆ ಅಳತೆ ಸಲೀಸಾಗಿ ಸಾಗಿತು. ನಕ್ಷೆಯಲ್ಲಿ ಕೊರತೆಯಿರಲಿಲ್ಲ, ನಾನು ಅದರಲ್ಲಿ ಎಲ್ಲಿ ನಿಂತಿದ್ದೇನೆ ಎಂಬುದು ಬೇಕಿತ್ತು. ಗಮನಿಸಬೇಕಾದದ್ದೆಂದರೆ, ಆ ಕಲ್ಲು ಹೊರಗಿನಿಂದ ಬಂದ ವಸ್ತುವಲ್ಲ. ಅದೂ ನಕ್ಷೆಯ ಒಂದು ಬಿಂದುವೇ.

ಎಲ್ಲವನ್ನೂ ವಿವರಿಸುವ ಸಿದ್ಧಾಂತ ಈಗ ಇದೇ ಸ್ಥಿತಿಯಲ್ಲಿದೆ. ಕಣಗಳನ್ನು ಕಿರುತಂತುಗಳ ಕಂಪನವೆಂದು ನೋಡುವ ಸ್ಟ್ರಿಂಗ್ ಸಿದ್ಧಾಂತಕ್ಕೆ 1ರ ಮುಂದೆ 500 ಸೊನ್ನೆಯಷ್ಟು ಪರಿಹಾರಗಳು, ಅಂದರೆ ಅಷ್ಟು ಬಗೆಯ ವಿಶ್ವಗಳು, ಇರಬಹುದೆಂಬ ಅಂದಾಜು 2000ದ ಈಚೆಗೆ ಪ್ರಸಿದ್ಧವಾಯಿತು. ನಕ್ಷೆ ದೊಡ್ಡದಾಯಿತು, ಕಲ್ಲು ಸಿಕ್ಕಿಲ್ಲ. ಆದರೆ ಇದಕ್ಕಿಂತ ಆಳದ ಒಂದು ತೊಡಕಿದೆ. 1967ರಲ್ಲಿ ಬ್ರೈಸ್ ಡಿವಿಟ್ ಬರೆದ ಇಡೀ ವಿಶ್ವದ ಕ್ವಾಂಟಂ ಸಮೀಕರಣದಲ್ಲಿ ಕಾಲವೇ ಇಲ್ಲ. ಹೊರಗಿನಿಂದ ನೋಡುವವರಿಲ್ಲ, ಹೊರಗೊಂದು ಗಡಿಯಾರವಿಲ್ಲ, ಆದ್ದರಿಂದ ವಿಶ್ವದ ಒಟ್ಟು ಸ್ಥಿತಿ ಬದಲಾಗುವುದೇ ಇಲ್ಲ. ಹಾಗಾದರೆ ನಮಗೆ ಕಾಣುವ ಬೆಳಗು ಬೈಗುಗಳೇನು? 1983ರಲ್ಲಿ ಡಾನ್ ಪೇಜ್ ಮತ್ತು ವಿಲಿಯಂ ವೂಟರ್ಸ್ ಕೊಟ್ಟ ಉತ್ತರ ಬಾಂದು ಕಲ್ಲಿನ ಉತ್ತರವೇ ಆಗಿದೆ: ವಿಶ್ವದ ಒಂದು ತುಂಡನ್ನು ಗಡಿಯಾರವೆಂದು ಆರಿಸಿಕೊಳ್ಳಿ, ಅದರ ಮುಳ್ಳು ಇಲ್ಲಿರುವಾಗ ಉಳಿದ ವಿಶ್ವ ಹೇಗಿದೆ ಎಂದು ಕೇಳಿ, ಬದಲಾವಣೆ ಆ ಸಂಬಂಧದಲ್ಲಿ ಕಾಣಿಸಿಕೊಳ್ಳುತ್ತದೆ. 2013ರಲ್ಲಿ ಇಟಲಿಯ ಟೊರಿನೊದ ತಂಡವೊಂದು ಸ್ಥಿತಿಗಳು ಒಂದಕ್ಕೊಂದು ಹೆಣೆದುಕೊಂಡ ಎರಡು ಫೋಟಾನುಗಳಲ್ಲಿ (ಬೆಳಕಿನ ಕಣಗಳಲ್ಲಿ) ಒಂದನ್ನು ಗಡಿಯಾರವಾಗಿ ಬಳಸಿ ಇದರ ಪುಟ್ಟ ಮಾದರಿಯನ್ನು ತೋರಿಸಿತು. ಜೋಡಿಯನ್ನು ಒಟ್ಟಾಗಿ ಅಳೆದರೆ ನಿಶ್ಚಲ, ಒಂದರ ಮೂಲಕ ಇನ್ನೊಂದನ್ನು ನೋಡಿದರೆ ಚಲನೆ.

ಇತ್ತೀಚಿನ ಕೆಲಸ ಇನ್ನೂ ಮುಂದೆ ಹೋಗಿದೆ. 2022ರಲ್ಲಿ ಚಂದ್ರಶೇಖರನ್, ಲಾಂಗೊ, ಪೆನಿಂಗ್‌ಟನ್ ಮತ್ತು ವಿಟನ್ ಅವರು ವೇಗದಿಂದ ಹಿಗ್ಗುತ್ತಿರುವ ಡಿ ಸಿಟರ್ ವಿಶ್ವದ ಒಂದು ತುಣುಕಿನಲ್ಲಿ ಏನೇನನ್ನು ಅಳೆಯಬಹುದು ಎಂಬ ಗಣಿತವನ್ನು ಪರಿಶೀಲಿಸಿದರು. ನೋಡುಗನನ್ನು ಸೇರಿಸದಿದ್ದರೆ ಅಳೆಯಲು ಅರ್ಥವುಳ್ಳ ರಾಶಿಗಳೇ ಉಳಿಯುವುದಿಲ್ಲ. ಗಡಿಯಾರ ಹಿಡಿದ ಒಬ್ಬ ಸರಳ ನೋಡುಗನನ್ನು ಸಮೀಕರಣದೊಳಗೆ ತಂದೊಡನೆ ಅವು ಹುಟ್ಟುತ್ತವೆ, ಎಂಟ್ರಪಿಗೂ, ಅಂದರೆ ಅಸ್ತವ್ಯಸ್ತತೆಯ ಅಳತೆಗೂ, ಲೆಕ್ಕ ಸಿಗುತ್ತದೆ. ಅಂಚಿಲ್ಲದೆ ತನ್ನೊಳಗೇ ಮುಚ್ಚಿಕೊಂಡ ವಿಶ್ವದಲ್ಲಿ ಪೇಚು ಇನ್ನೂ ದೊಡ್ಡದು. ಗುರುತ್ವದ ಕ್ವಾಂಟಂ ಲೆಕ್ಕವನ್ನು ನಿಯಮದಂತೆ ಹಾಕಿದರೆ ಅಂಥ ವಿಶ್ವಕ್ಕೆ ಇರಬಹುದಾದ ಸ್ಥಿತಿ ಒಂದೇ ಒಂದು. ನಕ್ಷತ್ರ, ಸಮುದ್ರ, ಇರುವೆಸಾಲು, ಇವುಗಳಿಗೆಲ್ಲ ಅದರಲ್ಲಿ ಎಡೆಯೇ ಇಲ್ಲ. 2025ರ ಆರಂಭದಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ, ವಿಶ್ವದೊಳಗಿನ ನೋಡುಗನನ್ನು ಲೆಕ್ಕದ ನಿಯಮದಲ್ಲೇ ಗುರುತಿಸಿದರೆ ವಿಪುಲವಾದ ಸ್ಥಿತಿಗಳು ಮರಳಿ ಬರುತ್ತವೆ ಎಂದು ತೋರಿಸಿದವು. ಎಷ್ಟು ವಿಪುಲ ಎಂಬುದು ನೋಡುಗ ಎಷ್ಟು ಮಾಹಿತಿ ಹಿಡಿದಿಡಬಲ್ಲ ಎಂಬುದನ್ನು ಅವಲಂಬಿಸಿದೆ.

ಆದುದರಿಂದ ನಿಮ್ಮ ವಿದ್ಯಾರ್ಥಿನಿಯ ವಾಕ್ಯದಲ್ಲಿ ನಾನು ತಿದ್ದಲು ಬಯಸುವುದು 'ಮಾತ್ರ' ಎಂಬ ಒಂದು ಪದವನ್ನು. ನಾವೆಲ್ಲಿದ್ದೇವೆ ಎಂಬುದು ಸಿದ್ಧಾಂತ ಪೂರ್ಣವಾದ ಮೇಲೆ ಉಳಿಯುವ ಚಿಲ್ಲರೆ ವಿವರವಲ್ಲ. ಅದಿಲ್ಲದೆ ಸಿದ್ಧಾಂತದಿಂದ ಒಂದು ಸಂಖ್ಯೆಯನ್ನೂ ಹೊರತೆಗೆಯಲು ಬರುವುದಿಲ್ಲ.


ಉತ್ತರ – ತೆಳುಗೆರೆ

ಬಾಂದುಕಲ್ಲು ಅವರ ಬರಹಕ್ಕೆ ಎರಡು ಎಚ್ಚರಿಕೆಗಳನ್ನು ಸೇರಿಸುತ್ತೇನೆ. ನಮ್ಮ ವಿಶ್ವ ಮುಚ್ಚಿದ್ದೇ ಎಂಬುದು ತೀರ್ಮಾನವಾಗಿಲ್ಲ. ಅಳತೆಗಳು ಹೇಳುವಂತೆ ವಿಶ್ವದ ಜಾಗ ಬಾಗಿಲ್ಲದೆ ಬಹುಮಟ್ಟಿಗೆ ಸಮತಟ್ಟಾಗಿದೆ. ಮತ್ತು 2025ರ ಆ ಕೆಲಸದಲ್ಲಿ ನೋಡುಗನನ್ನು ಲೆಕ್ಕದ ನಿಯಮಕ್ಕೆ ಕೈಯಾರೆ ಸೇರಿಸಲಾಗಿದೆ, ಅದು ತಾನಾಗಿ ಹೊರಟದ್ದಲ್ಲ. ಯಾವುದು ನೋಡುಗನೆನಿಸಿಕೊಳ್ಳಲು ಅರ್ಹ, ಎಷ್ಟು ಭಾರವಿರಬೇಕು, ಎಷ್ಟು ನೆನಪಿರಬೇಕು ಎಂಬುದಕ್ಕೆ ಸಿದ್ಧಾಂತವೇ ಉತ್ತರ ಕೊಡುವವರೆಗೆ ಅದನ್ನು ಎಲ್ಲದರ ಸಿದ್ಧಾಂತವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.


ಉತ್ತರ – ಭೌತಪಾಠ

ಎಲ್ಲರಿಗೂ ಮನಸಾರೆ ವಂದನೆಗಳು. ಇವತ್ತು ತರಗತಿ ಮುಗಿದ ಮೇಲೆ ಅವಳನ್ನು ಕೂರಿಸಿಕೊಂಡು ಕಾದ ಫುಲರೀನ್ ಅಣುವಿನ ಕಥೆ ಹೇಳಿದೆ, (a+b+c)² ಬಿಡಿಸಿ ತೋರಿಸಿದೆ, ಶಾಲೆಯ ಎರಡು ಸರಾಸರಿಗಳನ್ನು ಅವಳೇ ಲೆಕ್ಕ ಹಾಕಿದಳು. ಬಾಂದು ಕಲ್ಲಿನ ಮಾತು ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಲ್ಲನ್ನೇ ಯಾರಾದರೂ ಸರಿಸಿಬಿಟ್ಟಿದ್ದರೆ, ಮಿಸ್?" ಎಂದಳು. ಅವರ ಹೊಲದಲ್ಲಿ ಹಾಗೆ ಆಗಿತ್ತಂತೆ.


ಉತ್ತರ – ಬಾಂದುಕಲ್ಲು

ಮೇಡಂ, ಅದು ನಿತ್ಯ ಎದುರಾಗುವ ಪ್ರಶ್ನೆ. ಒಂದೇ ಕಲ್ಲನ್ನು ನಾವು ಎಂದೂ ನಂಬುವುದಿಲ್ಲ. ಅಕ್ಕಪಕ್ಕದ ಸರ್ವೆ ನಂಬರುಗಳ ಟಿಪ್ಪಣಿ ತೆಗೆದು, ಕಡೇಪಕ್ಷ ಮೂರು ಕಲ್ಲುಗಳ ನಡುವಿನ ಅಂತರ ತಾಳೆಯಾದ ಮೇಲೆಯೇ ಮುಂದುವರಿಯುತ್ತೇವೆ. ಒಂದು ಕಲ್ಲನ್ನು ರಾತ್ರಿ ಕಿತ್ತು ನೆಡಬಹುದು. ಎಲ್ಲ ಕಲ್ಲುಗಳನ್ನೂ ಪರಸ್ಪರ ಅಳತೆ ಕೆಡದಂತೆ ಸರಿಸುವುದು ಯಾರಿಂದಲೂ ಆಗದು.

ಭೌತಶಾಸ್ತ್ರದಲ್ಲೂ ಇದಕ್ಕೆ ಸಮನಾದ ವಿಚಾರವಿದೆ. ಭೌತವಿಜ್ಞಾನಿ ವೊಯ್ಚೆಕ್ ಜ಼ುರೆಕ್ ಅವರು ತೋರಿಸಿದಂತೆ, ಒಂದು ವಸ್ತುವಿನ ಸ್ಥಾನದ ಗುರುತು ಅದರ ಮೇಲೆ ಬಿದ್ದು ಚದುರಿದ ಬೆಳಕಿನಲ್ಲಿ ಒಂದಲ್ಲ, ಎಣಿಸಲಾರದಷ್ಟು ಪ್ರತಿಗಳಾಗಿ ಹರಡುತ್ತದೆ. ಅವಳ ಮೇಜಿನ ಮೇಲಿನ ಪೆನ್ಸಿಲಿನಿಂದ ಹೊರಟ ಬೆಳಕಿನ ಒಂದು ಚೂರು ಅವಳ ಕಣ್ಣಿಗೆ ಬೀಳುತ್ತದೆ, ಇನ್ನೊಂದು ಚೂರು ನಿಮ್ಮ ಕಣ್ಣಿಗೆ, ಉಳಿದದ್ದು ಕಿಟಕಿಯಿಂದಾಚೆ. ಎಲ್ಲ ಚೂರುಗಳೂ ಪೆನ್ಸಿಲ್ ಇರುವ ಜಾಗವನ್ನು ಒಂದೇ ಎಂದು ಹೇಳುತ್ತವೆ, ಆದ್ದರಿಂದಲೇ ನೀವಿಬ್ಬರೂ ಅದರ ಬಗ್ಗೆ ಒಮ್ಮತಕ್ಕೆ ಬರುತ್ತೀರಿ. ಆಕಸ್ಮಿಕವಾಗಿ ಮೂಡಿದ ಮಿದುಳಿನಲ್ಲಿ ಇರುವುದು ಒಂದೇ ಪ್ರತಿ. ಹೊರಗೆ ಅದಕ್ಕೆ ತಾಳೆಯಾಗುವ ಇನ್ನೊಂದು ಕಲ್ಲಿಲ್ಲ, ಮರುಕ್ಷಣ ಅದು ಎಲ್ಲಿ ನೋಡಿದರೂ ಲೆಕ್ಕ ತಪ್ಪುತ್ತದೆ. ಪೆನ್ಸಿಲನ್ನು ಎತ್ತಿ ಬೇರೆ ಕಡೆ ಇಡಲು ಅವಳಿಗೆ ಹೇಳಿ. ನಂತರ ಮೂಲೆಯ ಬೆಂಚಿನಲ್ಲಿ ಕೂತವರನ್ನು ಅದು ಮೊದಲು ಎಲ್ಲಿತ್ತು ಎಂದು ಕೇಳಲಿ.